ನೇರಳೆಯ ಕಲೆ, ಗಾಜಿನ ಮೇಲೆ

ಜೂನ್ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದರೆ ಸಾಕು, ಹಳೇ ಮೈಸೂರು ಸೀಮೆಯ ರಸ್ತೆ ಬದಿಗಳಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಕೂರುತ್ತವೆ. ತಿಂದವರ ನಾಲಿಗೆ ನೀಲಿಯಾಗುತ್ತದೆ. ಅಂಗಿಯ ಮೇಲೆ ಬಿದ್ದ ಹನಿ ಮಾತ್ರ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಹೀಗೆ ಹಿಡಿದದ್ದನ್ನು ಬಿಡದ ಈ ಬಣ್ಣವನ್ನು ಬಿಳಿ ಪುಡಿ ಬಳಿದ ಗಾಜಿಗೆ ಹಿಡಿಸಿ ಬಿಸಿಲಿಗೆ ಒಡ್ಡಿದರೆ ವಿದ್ಯುತ್ ಹುಟ್ಟುತ್ತದೆ. ಇದು ಕಟ್ಟುಕತೆಯಲ್ಲ. ರೂರ್ಕಿಯ ಐಐಟಿಯಲ್ಲಿ ಸೌಮಿತ್ರ ಸತಪತಿ ಮತ್ತವರ ವಿದ್ಯಾರ್ಥಿಗಳು ತಮ್ಮ ಆವರಣದಲ್ಲಿ ಹೇರಳವಾಗಿದ್ದ ನೇರಳೆ ಮರಗಳನ್ನು ನೋಡಿಯೇ ಈ ಕೆಲಸಕ್ಕೆ ಇಳಿದರು. ಹಣ್ಣಿನ ಬಣ್ಣವನ್ನು ಎಥನಾಲ್‌ನಲ್ಲಿ ಬಿಡಿಸಿಕೊಂಡು ಸೌರಕೋಶ ಮಾಡಿ, 2017ರಲ್ಲಿ ಪ್ರಬಂಧ ಪ್ರಕಟಿಸಿದರು.

ಪತ್ರಿಕೆಗಳಲ್ಲಿ ಆಗ ‘ನೇರಳೆಯಿಂದ ಅಗ್ಗದ ಸೋಲಾರ್’ ಎಂಬರ್ಥದ ತಲೆಬರಹಗಳು ಬಂದವು. ಅಂಥ ಸುದ್ದಿ ಈಗಲೂ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿರುತ್ತದೆ. ಮದ್ದೂರು ತಾಲ್ಲೂಕಿನ ನಿಡಘಟ್ಟದಂಥ ಊರಿನಲ್ಲಿ ಅದನ್ನು ಓದಿದ ರೈತರು ಕೇಳುವ ಮೊದಲ ಪ್ರಶ್ನೆ, ‘ಇದರಿಂದ ಪಂಪ್‌ಸೆಟ್ ಓಡುತ್ತಾ?’ ಎಂದೇ ಆಗಿರುತ್ತದೆ. ನ್ಯಾಯವಾದ ಪ್ರಶ್ನೆ, ಅದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ಅದಕ್ಕೂ ಮುಂಚೆ ಈ ಕೋಶದ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ, ಏಕೆಂದರೆ ನಿಜವಾದ ಸೊಗಸು ಇರುವುದು ಅಲ್ಲಿ.

ಬಿಳಿ ಪುಡಿಯ ಹೆಸರು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿಗೆ ಬಿಳುಪು ಕೊಡುವುದು ಇದೇ. ಅದು ಬೆಳ್ಳಗೆ ಕಾಣುವುದು ಕಣ್ಣಿಗೆ ಕಾಣುವ ಬೆಳಕಿನ ಯಾವ ಬಣ್ಣವನ್ನೂ ನುಂಗದೆ ಹಿಂದಿರುಗಿಸುವುದರಿಂದ. ಬಿಸಿಲಿನಲ್ಲಿ ಅಲ್ಪಪಾಲಿರುವ ಅತಿನೇರಳೆ ಕಿರಣ ಮಾತ್ರ ಅದಕ್ಕೆ ದಕ್ಕುತ್ತದೆ. ಹಾಗಾಗಿ ಎಲೆಕ್ಟ್ರಾನು ಸಾಗಿಸುವುದರಲ್ಲಿ ಗಟ್ಟಿಗನಾದರೂ ಬೆಳಕು ಹಿಡಿಯುವುದರಲ್ಲಿ ಇದು ಸೋಲುತ್ತದೆ. ನೇರಳೆಯ ಬಣ್ಣದ ಪಾಡು ಇದಕ್ಕೆ ತಿರುಗುಮುರುಗು. ಆಂಥೋಸಯಾನಿನ್ ಎಂಬ ಈ ವರ್ಣದ್ರವ್ಯ ಬೆಳಕಿನಲ್ಲಿರುವ ಹಸಿರು ಭಾಗವನ್ನು ಚೆನ್ನಾಗಿ ನುಂಗುತ್ತದೆ, ಉಳಿದ ಕೆಂಪು ಮತ್ತು ನೀಲಿ ನಮ್ಮ ಕಣ್ಣಿಗೆ ಬರುತ್ತವೆ. ಆದರೆ ನುಂಗಿದ ಬೆಳಕನ್ನು ವಿದ್ಯುತ್ತಾಗಿ ಹರಿಸುವ ದಾರಿ ಅದಕ್ಕಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಎರಡನ್ನೂ ಕೂಡಿಸಿದರೆ ಕೋಶ ಆಯಿತು.

ಮಾಡುವ ಬಗೆ ಹೀಗೆ. ಒಂದು ಮೈಗೆ ತವರದ ಆಕ್ಸೈಡಿನ ತೆಳು ಲೇಪವಿರುವ, ವಿದ್ಯುತ್ ಹರಿಯಬಲ್ಲ ವಿಶೇಷ ಗಾಜು ಬೇಕು. ಟೈಟಾನಿಯಂ ಪುಡಿಯನ್ನು ವಿನಿಗರ್‌ನಂಥ ತೆಳು ಆಮ್ಲದ ಜೊತೆ ಖರಲಿನಲ್ಲಿ ಅರೆದು ನುಣ್ಣನೆಯ ಲೇಪ ಮಾಡಿಕೊಂಡು, ಗಾಜಿನ ಅಂಚಿಗೆ ಟೇಪು ಅಂಟಿಸಿ, ಗಾಜಿನ ಕಡ್ಡಿಯಿಂದ ಒಮ್ಮೆ ಎಳೆದರೆ ಸಮನಾದ ಪದರ ಕೂರುತ್ತದೆ. ಅದನ್ನು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಸುಡಬೇಕು. ಸುಟ್ಟ ಮೇಲೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಸೆಟ್ ದೋಸೆಯ ಮೈಯಂತೆ ಒಳಗೆಲ್ಲ ತೂತುತೂತಾದ ಪದರ ಉಳಿಯುತ್ತದೆ. ಕಣವೊಂದರ ಗಾತ್ರ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಇಪ್ಪತ್ತು, ಇಪ್ಪತ್ತೈದು ಪಾಲು. ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದು ಪಾಲು ಇದ್ದರೂ ಬಣ್ಣ ಕೂರಬಹುದಾದ ಒಳಮೈ ಮೇಲೆ ಕಾಣುವ ಮೈಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು.

ಈ ಗಾಜನ್ನು ಹಣ್ಣಿನ ರಸದಲ್ಲಿ ಮುಳುಗಿಸಿದಾಗ ಆಗುವುದನ್ನು ಹತ್ತಿರದಿಂದ ನೋಡಬೇಕು. ಬಟ್ಟಲಲ್ಲಿ ಕೆಂಪಗಿದ್ದ ರಸ ಬಿಳಿ ಪದರದೊಳಗೆ ಇಳಿಯುತ್ತಲೇ ಊದಾ ಬಣ್ಣಕ್ಕೆ ತಿರುಗುತ್ತದೆ. ಗಾಜನ್ನು ಎತ್ತಿ ನೀರಲ್ಲಿ ತೊಳೆದರೂ, ಸ್ಪಿರಿಟ್‌ನಲ್ಲಿ ಅದ್ದಿದರೂ ಊದಾ ಹಾಗೇ ಉಳಿಯುತ್ತದೆ. ಆಂಥೋಸಯಾನಿನ್ ಅಣುವಿನ ಒಂದು ತುದಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಹೈಡ್ರಾಕ್ಸಿಲ್ ಗುಂಪುಗಳಿದ್ದರೆ ಅವೆರಡೂ ಸೇರಿ ಟೈಟಾನಿಯಂ ಪರಮಾಣುವನ್ನು ಇಕ್ಕಳದ ಹಾಗೆ ಕಚ್ಚಿಕೊಳ್ಳುತ್ತವೆ. ಬಣ್ಣ ಬದಲಾಗುವುದೇ ಕಚ್ಚಿಕೊಂಡದ್ದಕ್ಕೆ ಗುರುತು. ನೇರಳೆಯಲ್ಲಿರುವ ಡೆಲ್ಫಿನಿಡಿನ್ ಇಂಥ ಅಣು. ಪುಡಿಯನ್ನು ಯಾವ ಬಗೆಯಲ್ಲೂ ಕಚ್ಚದ ಬಣ್ಣಗಳು ಎಷ್ಟೇ ಗಾಢವಾಗಿದ್ದರೂ ಕೋಶಕ್ಕೆ ಪ್ರಯೋಜನವಿಲ್ಲ. ಬಣ್ಣಕ್ಕೂ ಪುಡಿಗೂ ನಡುವೆ ನೇರ ನಂಟು ಇಲ್ಲದಿದ್ದರೆ ಎಲೆಕ್ಟ್ರಾನು ದಾಟುವುದೇ ಇಲ್ಲ.

ಬಟ್ಟೆಗೆ ಬಣ್ಣ ಹಾಕುವವರಿಗೆ ಇದು ಹೊಸ ವಿಷಯವಲ್ಲ. ಸೊಪ್ಪು, ತೊಗಟೆ, ಬೇರುಗಳ ಬಣ್ಣ ನೂಲಿನ ಮೇಲೆ ನಿಲ್ಲಲೆಂದು ಮೊದಲು ಪಟಿಕದ ನೀರಲ್ಲಿ ಅದ್ದುತ್ತಾರೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ನೂಲಿಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಸೌರಕೋಶದಲ್ಲಿ ಅಲ್ಯೂಮಿನಿಯಂ ಜಾಗದಲ್ಲಿ ಟೈಟಾನಿಯಂ ಇದೆ, ಅಷ್ಟೇ ವ್ಯತ್ಯಾಸ. ಬಣ್ಣಗಾರರ ಮನೆಯ ಹಿತ್ತಿಲಲ್ಲಿ ತಲೆಮಾರುಗಳಿಂದ ನಡೆದ ರಸಾಯನಶಾಸ್ತ್ರವೇ ಪ್ರಯೋಗಾಲಯದಲ್ಲಿ ಮತ್ತೆ ಕೆಲಸಕ್ಕೆ ಬಂದಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಇನ್ನು ವಿದ್ಯುತ್ತಿನ ಓಟ. ಬೆಳಕು ಬಿದ್ದ ಬಣ್ಣದ ಅಣುವಿನಿಂದ ಒಂದು ಎಲೆಕ್ಟ್ರಾನು ಟೈಟಾನಿಯಂ ಪದರಕ್ಕೆ ಜಿಗಿಯುತ್ತದೆ, ಅಲ್ಲಿಂದ ಗಾಜಿನ ಲೇಪಕ್ಕೆ, ಲೇಪದಿಂದ ವೈರಿಗೆ. ಎಲೆಕ್ಟ್ರಾನು ಕಳೆದುಕೊಂಡ ಬಣ್ಣದ ಅಣು ಹಾಗೇ ಇದ್ದರೆ ಕೆಟ್ಟುಹೋಗುತ್ತದೆ. ಅದಕ್ಕೆ ಕೂಡಲೇ ಬದಲಿ ಎಲೆಕ್ಟ್ರಾನು ಕೊಡಲು ಈ ಗಾಜಿಗೂ ಅದರ ಎದುರಿಗೆ ಇಡುವ ಅಂಥದೇ ಇನ್ನೊಂದು ಗಾಜಿಗೂ ನಡುವೆ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ದ್ರಾವಣ ಇರುತ್ತದೆ. ಗಾಯಕ್ಕೆ ಹಚ್ಚುವ ಟಿಂಚರಿನ ಹತ್ತಿರದ ನೆಂಟ ಅದು. ಆ ಕಡೆಯ ಗಾಜಿಗೆ ಮೇಣದಬತ್ತಿಯ ಮಸಿ ಹಿಡಿಸಿದರೂ ಸಾಕು, ಪೆನ್ಸಿಲ್ ಸೀಸ ಉಜ್ಜಿದರೂ ಸಾಕು. ಬಲ್ಬು ಸುತ್ತಿ ಬಂದ ಎಲೆಕ್ಟ್ರಾನು ಆ ಮಸಿಯ ಮೂಲಕ ಅಯೋಡಿನ್‌ಗೆ, ಅಯೋಡಿನ್ ಮೂಲಕ ಮತ್ತೆ ಬಣ್ಣಕ್ಕೆ ಮರಳುತ್ತದೆ. ಬಿಸಿಲಿರುವಷ್ಟು ಹೊತ್ತು ಈ ಸುತ್ತು ನಿಲ್ಲುವುದಿಲ್ಲ.

ಬಣ್ಣದಿಂದ ಬೆಳಕು ಹಿಡಿಯುವ ವಿದ್ಯೆ ಶುರುವಾದದ್ದು ಫೋಟೊಗ್ರಫಿಯಲ್ಲಿ. ಹಿಂದಿನ ಫೋಟೊ ಫಲಕಗಳಿಗೆ ನೀಲಿ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬರ್ಲಿನ್‌ನ ಹರ್ಮನ್ ಫೋಗೆಲ್ 1873ರಲ್ಲಿ ಫಲಕಕ್ಕೆ ಬಣ್ಣ ಬೆರೆಸಿದರೆ ಹಸಿರೂ ಮೂಡುತ್ತದೆ ಎಂದು ತೋರಿಸಿದರು. ನೂರು ವರ್ಷ ಕಳೆದ ಮೇಲೆ, 1976ರಲ್ಲಿ, ಜಪಾನಿನ ತ್ಸುಬೊಮುರಾ ತಂಡ ಸತುವಿನ ಆಕ್ಸೈಡಿಗೆ ಬಣ್ಣ ಹಿಡಿಸಿ ಸೌರಕೋಶ ಮಾಡಿತು. ದೊಡ್ಡ ತಿರುವು ಬಂದದ್ದು 1991ರಲ್ಲಿ. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಬ್ರಯಾನ್ ಓರೆಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ನಾನು ಮೇಲೆ ಹೇಳಿದ ತೂತುತೂತಿನ ಪದರವನ್ನು ಬಳಸಿ, ರುಥೇನಿಯಂ ಎಂಬ ದುಬಾರಿ ಲೋಹದ ಬಣ್ಣ ಹಚ್ಚಿ, ದಕ್ಷತೆಯನ್ನು ಶೇ. 7ರ ಮೇಲಕ್ಕೆ ಒಯ್ದರು. ಅದೇ ಗ್ರೆಟ್ಸೆಲ್ 1998ರಲ್ಲಿ ಗ್ರೆಗ್ ಸ್ಮೆಸ್ಟಾಡ್ ಜೊತೆಗೂಡಿ, ರುಥೇನಿಯಂ ಬದಲು ಬೆರ್ರಿ ಹಣ್ಣು, ದಾಳಿಂಬೆ, ದಾಸವಾಳದ ಚಹಾ ಬಳಸಿ ಶಾಲಾ ಮಕ್ಕಳೂ ಮಾಡಬಹುದಾದ ಕೋಶದ ವಿಧಾನವನ್ನು ರಸಾಯನಶಾಸ್ತ್ರ ಶಿಕ್ಷಕರ ಪತ್ರಿಕೆಯೊಂದರಲ್ಲಿ ಬರೆದರು. ಅವರು ಅದನ್ನು ಬರೆದದ್ದು ಕಲಿಸುವವರಿಗಾಗಿ. ಹಣ್ಣಿನ ಕೋಶದ ಸುದ್ದಿ ಓದುವಾಗಲೆಲ್ಲ ನಾವು ಮರೆಯುವುದು ಇದನ್ನೇ.

ನಮ್ಮ ಸೀಮೆಯಲ್ಲಿ ಇಂಥ ಬಣ್ಣಕ್ಕೆ ಬರವಿಲ್ಲ. ಮದ್ದೂರು, ಮಳವಳ್ಳಿ ಎರಡೂ ರೇಷ್ಮೆಯ ತಾಲ್ಲೂಕುಗಳು. ಆಚೆಗೆ ಚನ್ನಪಟ್ಟಣ, ರಾಮನಗರದವರೆಗೂ ಹಿಪ್ಪುನೇರಳೆ ತೋಟಗಳಿವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ ಮನೆಮಾತಾಗಿದೆ. ಹುಳ ಮೇಯಿಸುವವರಿಗೆ ಬೇಕಾದದ್ದು ಸೊಪ್ಪು, ಹಣ್ಣಿನ ಮೇಲೆ ಯಾರ ಕಣ್ಣೂ ಇಲ್ಲ. ಕಡ್ಡಿ ಕತ್ತರಿಸುವುದು ನಾಲ್ಕು ದಿನ ತಡವಾದ ಗಿಡಗಳಲ್ಲಿ ಕಪ್ಪಗೆ ಹಣ್ಣಾದದ್ದು ಹಕ್ಕಿಗಳಿಗೆ, ದನ ಕಾಯುವ ಹುಡುಗರಿಗೆ. ತೈವಾನಿನ ಇಬ್ಬರು ಸಂಶೋಧಕರು 2010ರಲ್ಲಿ ಈ ಹಣ್ಣಿನಿಂದ ಕೋಶ ಮಾಡಿ ಸುಮಾರು ಶೇ. 0.55 ದಕ್ಷತೆ ಪಡೆದರು. ದಾಳಿಂಬೆ ಎಲೆಯ ಹಸಿರನ್ನು ಅದಕ್ಕೆ ಬೆರೆಸಿದಾಗ ಅದು ಶೇ. 0.72ಕ್ಕೆ ಏರಿತು. ಒಂದು ಬಣ್ಣ ಬಿಟ್ಟ ಬೆಳಕನ್ನು ಇನ್ನೊಂದು ಹಿಡಿಯಿತು ಎಂದು ಅರ್ಥ.

ಬೇಲಿಯ ಪಾಪಾಸುಕಳ್ಳಿಯನ್ನೂ ಬಿಡುವಂತಿಲ್ಲ. ಅದರ ಕೆಂಪು ಹಣ್ಣಿನಲ್ಲಿರುವುದು ಆಂಥೋಸಯಾನಿನ್ ಅಲ್ಲ, ಬೀಟ್‌ರೂಟಿನಲ್ಲಿರುವ ಬೆಟಲೇನ್. ಇಟಲಿಯ ಮೆಸ್ಸಿನಾದ ಸಂಶೋಧಕರು 2010ರಲ್ಲಿ ಕಳ್ಳಿಹಣ್ಣಿನ ಬಣ್ಣದಿಂದ ಶೇ. 1ನ್ನು ದಾಟಿದರು. ಅದೇ ವರ್ಣದ್ರವ್ಯವಿರುವ ಕೆಂಪು ಗೆಡ್ಡೆಯೊಂದರಿಂದ ಶೇ. 1.7 ತಲುಪಿದರು. ಬಸಳೆಯ ಬಣ್ಣದಿಂದ ಕೋಶ ಮಾಡಿದವರೂ ಇದ್ದಾರೆ. ಶುದ್ಧ ಹಣ್ಣು, ಸೊಪ್ಪು, ಹೂವಿನ ರಸದಿಂದ ಮಾಡಿದ ಕೋಶಗಳಲ್ಲಿ ಶೇ. 1ನ್ನು ಮುಟ್ಟಿದ್ದೇ ಒಂದು ಸಾಧನೆ. ರೂರ್ಕಿಯ ನೇರಳೆ ಕೋಶದ ದಕ್ಷತೆಯೂ ಶೇ. 1ರ ಒಳಗೇ ಇತ್ತು.

ಈಗ ಪಂಪ್‌ಸೆಟ್ ಲೆಕ್ಕ. ನಡುಮಧ್ಯಾಹ್ನದ ಚುರುಕು ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಮಾರುಕಟ್ಟೆಯ ಸಿಲಿಕಾನ್ ಫಲಕ ಶೇ. 20 ಹಿಡಿದರೆ 200 ವ್ಯಾಟ್ ಸಿಗುತ್ತದೆ. 5 ಅಶ್ವಶಕ್ತಿಯ ಮೋಟಾರಿಗೆ ಸುಮಾರು 5 ಕಿಲೊವ್ಯಾಟ್ ಫಲಕ ಇಡುತ್ತಾರೆ, ಅಂದರೆ 25 ಚದರ ಮೀಟರ್, ಒಂದು ಸಣ್ಣ ಮನೆಯ ತಾರಸಿಯಷ್ಟು. ಹಣ್ಣಿನ ಕೋಶ ಶೇ. 0.5 ಹಿಡಿದರೆ ಚದರ ಮೀಟರಿಗೆ 5 ವ್ಯಾಟ್. ಅದೇ ಮೋಟಾರಿಗೆ 1,000 ಚದರ ಮೀಟರ್ ಗಾಜು ಬೇಕು, ಅಂದರೆ ಸುಮಾರು 10 ಗುಂಟೆ. ಕಾಲು ಎಕರೆ ನೆಲವನ್ನು ಗಾಜಿನಿಂದ ಮುಚ್ಚಿ ಉಳಿದದ್ದಕ್ಕೆ ನೀರು ಹಾಯಿಸುವುದು ಯಾವ ರೈತನಿಗೂ ಗಿಟ್ಟುವ ಮಾತಲ್ಲ. ಹಣ್ಣು ಪುಕ್ಕಟೆ ಸಿಕ್ಕರೂ ಗಾಜು ಪುಕ್ಕಟೆಯಲ್ಲ, ನೆಲವಂತೂ ಅಲ್ಲವೇ ಅಲ್ಲ. ಬಣ್ಣ ಅಗ್ಗ ಎಂಬ ಒಂದೇ ಕಾರಣಕ್ಕೆ ‘ಅಗ್ಗದ ಸೋಲಾರ್’ ಎಂದು ಬರೆಯುವುದನ್ನು ನಾವು ಪತ್ರಿಕೆಯವರು ಬಿಡಬೇಕು.

ವಿದ್ಯುತ್ತಿನ ವಿಚಾರದಲ್ಲಿ ಮಂಡ್ಯ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ಮಳವಳ್ಳಿ ತಾಲ್ಲೂಕಿನಿಂದ ಹೊರಟು ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿ ಸೇರಿತು. ಅದೇ ತಾಲ್ಲೂಕಿನ ಬೆಳಕವಾಡಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 5 ಮೆಗಾವ್ಯಾಟ್ ಸೌರ ಘಟಕ ಇದೆ. ಪಾವಗಡದಲ್ಲಂತೂ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ದೊಡ್ಡ ಪ್ರಮಾಣದ ಸೌರ ವಿದ್ಯುತ್ತಿನ ದಾರಿ ಸಿಲಿಕಾನ್ ಹಿಡಿದು ಹೋಗಿದೆ, ಸದ್ಯಕ್ಕೆ ಅದೇ ಸರಿ.

ಹಣ್ಣಿನ ಕೋಶ ಯಾಕೆ ಹೀಗೆ ಹಿಂದೆ ಬೀಳುತ್ತದೆ? ಆಂಥೋಸಯಾನಿನ್ ಹಸಿರು ಬೆಳಕಿನ ಸುತ್ತಮುತ್ತ ಮಾತ್ರ ನುಂಗುತ್ತದೆ, ಬಿಸಿಲಿನಲ್ಲಿ ಧಾರಾಳವಾಗಿರುವ ಕೆಂಪು ಮತ್ತು ಅವಗೆಂಪನ್ನು ಬಿಟ್ಟುಬಿಡುತ್ತದೆ. ರಸದಲ್ಲಿ ಬಣ್ಣದ ಜೊತೆಗೆ ಸಕ್ಕರೆ, ಪೆಕ್ಟಿನ್, ಬೇರೆ ಆಮ್ಲಗಳೂ ಇರುತ್ತವೆ. ಅವು ಪದರದ ತೂತುಗಳಲ್ಲಿ ಜಾಗ ಹಿಡಿದು ಬಣ್ಣವನ್ನು ಹೊರಗೇ ನಿಲ್ಲಿಸುತ್ತವೆ. ಜಿಗಿದ ಎಲೆಕ್ಟ್ರಾನುಗಳಲ್ಲಿ ಒಂದಷ್ಟು ವೈರಿನವರೆಗೆ ಹೋಗದೆ ನಡುವೆಯೇ ಅಯೋಡಿನ್‌ಗೆ ಸೇರಿಬಿಡುತ್ತವೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಬಾಳಿಕೆಯದು. ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ ಅರಿಸಿನದಂಥ ಸಸ್ಯಮೂಲದ ಬಣ್ಣ ಹಾಕುವವರನ್ನು ಕೇಳಿದರೆ ಗೊತ್ತಾಗುತ್ತದೆ, ಗಿಡದ ಬಣ್ಣಕ್ಕೆ ಬಿಸಿಲೇ ಶತ್ರು. ಬೊಂಬೆಯನ್ನು ನೆರಳಲ್ಲಿಟ್ಟು ಕಾಪಾಡಬಹುದು. ಸೌರಕೋಶ ಬದುಕಬೇಕಾದದ್ದೇ ಬಿಸಿಲಿನಲ್ಲಿ. ಅತಿನೇರಳೆ ಕಿರಣ, ಕಾವು, ಒಳಗೆ ನುಸುಳುವ ಗಾಳಿ ಮತ್ತು ತೇವ ಮೂರೂ ಸೇರಿ ಬಣ್ಣವನ್ನು ತಿನ್ನುತ್ತವೆ, ದ್ರಾವಣ ಸಂದಿಯಿಂದ ಆವಿಯಾಗುತ್ತದೆ. ಸಿಲಿಕಾನ್ ಫಲಕಕ್ಕೆ 25 ವರ್ಷದ ಭರವಸೆ ಕೊಡುವ ಈ ಕಾಲದಲ್ಲಿ ಹಣ್ಣಿನ ಬಣ್ಣದ ಆಯಸ್ಸನ್ನು ದಿನ, ವಾರಗಳಲ್ಲಿ ಎಣಿಸಬೇಕಾಗುತ್ತದೆ.

ಹಾಗೆಂದು ಬಣ್ಣದ ಕೋಶದ ವಂಶವೇ ದಂಡ ಎಂದುಕೊಂಡರೆ ಅದೂ ತಪ್ಪು. ಪ್ರಯೋಗಾಲಯದಲ್ಲಿ ತಯಾರಿಸಿದ ಬಣ್ಣಗಳಿಂದ ಲೂಸಾನ್‌ನವರು ಶೇ. 15ನ್ನು ದಾಟಿದ್ದಾರೆ. ಮಂದ ಬೆಳಕಿನಲ್ಲಿ, ಅಂದರೆ ಮನೆಯೊಳಗಿನ ಟ್ಯೂಬ್‌ಲೈಟ್ ಕೆಳಗೆ, ಈ ಕೋಶಗಳು ಸಿಲಿಕಾನನ್ನು ಹಿಂದೆ ಹಾಕುತ್ತವೆ. ಸ್ವೀಡನ್ನಿನ ಎಕ್ಸೆಗರ್ ಕಂಪನಿ ಇಂಥ ಕೋಶವನ್ನು ಹೆಡ್‌ಫೋನ್‌ಗಳ ಪಟ್ಟಿಗೇ ಹೊದಿಸಿ ಮಾರುಕಟ್ಟೆಗೆ ತಂದಿದೆ. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಐರೋಡಿ ವಾಸುದೇವ ಅಧಿಕಾರಿಯವರ ತಂಡ ಇಂಗಾಲ ಮೂಲದ ಹೊಸ ಬಣ್ಣದ ಅಣುಗಳನ್ನು ವಿನ್ಯಾಸ ಮಾಡಿ, ಕೋಶದಲ್ಲಿ ಪರೀಕ್ಷಿಸಿ, ಸಾಲುಸಾಲು ಪ್ರಬಂಧಗಳನ್ನು ಪ್ರಕಟಿಸಿದೆ. ಇನ್ನೊಂದು ಕವಲು ಇದಕ್ಕಿಂತ ರೋಚಕ. 2009ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತ್ಸುತೊಮು ಮಿಯಾಸಾಕಾ ತಂಡ ಇದೇ ಕೋಶದಲ್ಲಿ ಬಣ್ಣದ ಜಾಗಕ್ಕೆ ಪೆರೋವ್‌ಸ್ಕೈಟ್ ಎಂಬ ಹರಳನ್ನು ಇಟ್ಟು ನೋಡಿತು. ಆಗ ಸಿಕ್ಕದ್ದು ಶೇ. 3.8. ಅದೇ ಹರಳಿನ ಕೋಶಗಳು ಇವತ್ತು ಪ್ರಯೋಗಾಲಯದಲ್ಲಿ ಶೇ. 26ನ್ನು ದಾಟಿ ಸಿಲಿಕಾನ್ ಪಕ್ಕದಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಹಣ್ಣಿನ ಕೋಶ ಮಾಡಿ ಅರ್ಥ ಮಾಡಿಕೊಂಡ ಹುಡುಗಿಗೆ ಪೆರೋವ್‌ಸ್ಕೈಟ್ ಕೋಶದ ಅರ್ಧ ಪಾಠ ಆಗಲೇ ಆದಂತೆ.

ನನ್ನ ವಾದ ಇರುವುದೇ ಇಲ್ಲಿ. ನೇರಳೆ, ಹಿಪ್ಪುನೇರಳೆಯ ಸೌರಕೋಶ ಹೊಲಕ್ಕೆ ಬೇಡ, ಹೈಸ್ಕೂಲಿಗೆ ಬೇಕು. ನಿಡಘಟ್ಟದಿಂದ ಮಳವಳ್ಳಿಯವರೆಗಿನ ಸರ್ಕಾರಿ ಪ್ರೌಢಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪ್ರಯೋಗ ನನಗೆ ಹೊಳೆಯುವುದಿಲ್ಲ. ಸಿಲಿಕಾನ್ ಫಲಕವನ್ನು ಮಕ್ಕಳ ಕೈಗೆ ಕೊಟ್ಟರೆ ಅದೊಂದು ಮುಚ್ಚಿದ ಪೆಟ್ಟಿಗೆ, ಒಳಗೆ ಏನು ನಡೆಯುತ್ತದೆಂದು ಮೇಷ್ಟ್ರು ಹೇಳಿದ್ದನ್ನು ನಂಬಬೇಕು. ಇದರಲ್ಲಿ ಹಣ್ಣು ಹಿಂಡುವವರೂ ಅವರೇ, ಲೇಪ ಎಳೆಯುವವರೂ ಅವರೇ, ಕೆಂಪು ಊದಾ ಆಗುವುದನ್ನು ಕಾಣುವವರೂ ಅವರೇ. ಬೆಳಕು, ಬಣ್ಣ, ಆಮ್ಲ-ಕ್ಷಾರ, ವಿದ್ಯುತ್, ಸಸ್ಯಶಾಸ್ತ್ರ ಎಲ್ಲವೂ ಎರಡು ಗಾಜುಗಳ ನಡುವೆ ಬಂದು ಕೂರುತ್ತವೆ. ಎಲೆ ತನ್ನ ಹಸಿರಿನಿಂದ ಬಿಸಿಲು ಹಿಡಿಯುವುದೂ ಎಲೆಕ್ಟ್ರಾನಿನ ಜಿಗಿತದಿಂದಲೇ ಶುರುವಾಗುತ್ತದೆ. ದ್ಯುತಿಸಂಶ್ಲೇಷಣೆ ಎಂಬ ಕಂಠಪಾಠದ ಪದಕ್ಕೆ ಆಗ ಜೀವ ಬರುತ್ತದೆ.

ಒಂದು ಕೋಶದಿಂದ ಸಿಗುವುದು 0.3ರಿಂದ 0.5 ವೋಲ್ಟ್, ಚದರ ಸೆಂಟಿಮೀಟರಿಗೆ ಒಂದೆರಡು ಮಿಲಿಆಂಪಿಯರ್ ಬಂದರೆ ಹೆಚ್ಚು. ನಾಲ್ಕೈದನ್ನು ಸಾಲಾಗಿ ಜೋಡಿಸಿದರೆ ಸಣ್ಣ ಎಲ್‌ಸಿಡಿ ಗಡಿಯಾರ ನಡೆಯುತ್ತದೆ. ಪಿಯು ಮಟ್ಟದ ಮಲ್ಟಿಮೀಟರ್ ಸಾಕು. ಅಡಚಣೆ ಎರಡೇ. ಲೇಪವಿರುವ ಗಾಜು ಊರಿನ ಅಂಗಡಿಯಲ್ಲಿ ಸಿಗದು, ಪ್ರಯೋಗಾಲಯಕ್ಕೆ ಸಾಮಾನು ಒದಗಿಸುವವರಿಂದ ತರಿಸಬೇಕು. 450 ಡಿಗ್ರಿಯ ಕುಲುಮೆಯೂ ಪ್ರೌಢಶಾಲೆಯಲ್ಲಿ ಇರುವುದಿಲ್ಲ. ಆದರೆ ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜಿದೆ, ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳಿವೆ. ಕುಲುಮೆ ಇರುವ ಕಾಲೇಜಿನವರು ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಹತ್ತಾರು ಶಾಲೆಗಳ ಗಾಜುಗಳನ್ನು ಒಂದೇ ಸಲಕ್ಕೆ ಸುಟ್ಟುಕೊಡಬಹುದು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ ಸಿಗುತ್ತದೆ. ಹೊಸದಾದ ಪ್ರಶ್ನೆ ಕೇಳಿದವರಿಗೆ ಆ ಹಣ.

ಕೇಳಬಹುದಾದ ಪ್ರಶ್ನೆಗಳಿಗೆ ಕೊರತೆಯೇ ಇಲ್ಲ. ರಸವನ್ನು ಹಾಗೇ ಬಳಸಿದರೆ ಎಷ್ಟು ಬರುತ್ತದೆ, ಸ್ಪಿರಿಟ್‌ನಲ್ಲಿ ಬಣ್ಣ ಬಿಡಿಸಿ ಸಕ್ಕರೆ ಕಳೆದರೆ ಎಷ್ಟು? ನಿಂಬೆಹುಳಿ ಹಿಂಡಿದರೆ ಬಣ್ಣ ಹೆಚ್ಚು ಕಚ್ಚುತ್ತದೆಯೇ, ಕಡಿಮೆಯೇ? ಹಿಪ್ಪುನೇರಳೆಗೆ ಅದೇ ಗಿಡದ ಎಲೆಯ ಹಸಿರು ಬೆರೆಸಿದರೆ ತೈವಾನಿನವರು ಕಂಡ ಏರಿಕೆ ಇಲ್ಲೂ ಕಾಣುತ್ತದೆಯೇ? ಐದು ಗಾಜು ತೆಗೆದುಕೊಂಡು ನೇರಳೆ, ಹಿಪ್ಪುನೇರಳೆ, ದಾಸವಾಳ, ಕಳ್ಳಿಹಣ್ಣು ಒಂದೊಂದಕ್ಕೆ ಹಿಡಿಸಿ, ಐದನೆಯದನ್ನು ಬಣ್ಣವಿಲ್ಲದೆ ಬಿಳಿಯಾಗಿಯೇ ಬಿಡಬೇಕು. ಆ ಬಿಳಿ ಗಾಜು ಇಲ್ಲದಿದ್ದರೆ ಉಳಿದ ನಾಲ್ಕರ ಅಂಕಿಗೆ ಅರ್ಥವಿಲ್ಲ. ಬಣ್ಣ ತಂದ ಲಾಭ ಎಷ್ಟು, ಪುಡಿಯೇ ಅತಿನೇರಳೆಯಿಂದ ಗಳಿಸಿದ್ದು ಎಷ್ಟು ಎಂದು ಬೇರೆ ಮಾಡುವುದು ಅದೇ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿಟ್ಟು ವೋಲ್ಟು ಬರೆದಿಡಬೇಕು. ಯಾವ ಬಣ್ಣ ಮೊದಲು ಸೋಲುತ್ತದೆ ಎಂಬುದೂ ಫಲಿತಾಂಶವೇ. ನೇರಳೆ ಹಂಗಾಮು ಜುಲೈ ದಾಟುವುದಿಲ್ಲ, ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ಹಾಗಾಗಿ ಗಾಜು ಏಪ್ರಿಲ್‌ನಲ್ಲೇ ತರಿಸಿ, ಬೇಸಿಗೆ ರಜೆಯಲ್ಲೇ ಸುಡಿಸಿ ಇಟ್ಟುಕೊಂಡಿರಬೇಕು.